ನಿಮ್ಮ ಪೀಡಾ ನನಗಿರಲಿ

ಇದನ್ನು ಕಟ್ಟಿ ಹೇಳುವಷ್ಟು ಜಾಣತನ ನನಗಿಲ್ಲ. ಇಳಕಲ್ಲಿನಲ್ಲಿ ಸೀರೆಗೆ ಕುಚ್ಚು ಕಟ್ಟುವವಳು ನಾನು, ಬೇರೆ ಏನನ್ನೂ ಕಟ್ಟಿ ಗೊತ್ತಿಲ್ಲ. ನಂಬದವರು ನಮ್ಮ ಮನೆಗೆ ಬನ್ನಿ, ನನ್ನ ಬೆರಳು ಹಿಡಿದು ಮುರಿದು ನೋಡಿ. ಹತ್ತರಲ್ಲಿ ಒಂದೂ ‘ಲಟ್’ ಅನ್ನುವುದಿಲ್ಲ. ಹೋದ ವರ್ಷ ನಾಗರ ಪಂಚಮಿಗೆ ಎರಡು ದಿನ ಮೊದಲಿನ ರೊಟ್ಟಿ ಪಂಚಮಿಯ ಸಂಜೆಯವರೆಗೆ ಹತ್ತೂ ಅನ್ನುತ್ತಿದ್ದವು.

ದವಾಖಾನೆಗೆ ಹೋಗಿ ತೋರಿಸಿದೆ. ಫೋಟೋ ತೆಗೆದು ನೋಡಿ ಎಲುಬು ಸರಿ ಇವೆ ಅಂದರು. ಎಲುಬಿನ ಮಾತು ನಾನು ಕೇಳಿರಲಿಲ್ಲ, ಸದ್ದು ಎಲ್ಲಿ ಹೋಯಿತು ಅಂತ ಕೇಳಿದ್ದೆ. ಡಾಕ್ಟರು ನಕ್ಕರು. ನಗಲಿ ಪಾಪ, ಆ ರಾತ್ರಿ ಅವರು ನನ್ನ ಸ್ಕೂಟಿ ಮೇಲೆ ಇರಲಿಲ್ಲ.

ನಮ್ಮವರ ಬಗ್ಗೆ ಮೊದಲು ಹೇಳಬೇಕು. ಸಂಗಪ್ಪ ಅಂತ ಹೆಸರು, ಹೈಸ್ಕೂಲಿನಲ್ಲಿ ಕ್ಲಾರ್ಕು. ಒಳ್ಳೆಯ ಮನುಷ್ಯ ಅಂತ ಮದುವೆಯಾದಾಗಿನಿಂದ ಕಂಡಕಂಡವರ ಎದುರು ಹೇಳಿಕೊಂಡು ಬಂದಿದ್ದೆ. ಒಂದೇ ಐಬು. ಊರು ಬಿಟ್ಟು ಒಳದಾರಿ ಹಿಡಿಯುವುದೆಂದರೆ ಅವರ ಕೈಕಾಲು ತಣ್ಣಗಾಗುತ್ತಿದ್ದವು. ಬೈಕ್ ಮುಟ್ಟುತ್ತಿರಲಿಲ್ಲ. ನಾನು ಸ್ಕೂಟಿ ಓಡಿಸಬೇಕು, ಅವರು ಹಿಂದೆ ಚೀಲ ಅಪ್ಪಿಕೊಂಡು ಕೂಡಬೇಕು. ಓಣಿಯ ಹೆಂಗಸರು ‘ಗಿರಿಜವ್ವ ಗಂಡನ್ನ ಸಾಲಿಗೆ ಬಿಡಾಕ ಹೊಂಟಾಳ’ ಅಂತ ನಗುತ್ತಿದ್ದರು. ನಾನೂ ನಗುತ್ತಿದ್ದೆ.

ಒಮ್ಮೆ ಬಸ್ಸಿನಲ್ಲಿ ಶಿವಯೋಗ ಮಂದಿರಕ್ಕೆ ಹೋದಾಗ ಹೊಳೆಯ ನೀರು ಕಂಡದ್ದೇ ತಡ, ನನ್ನ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದರು. ಆವತ್ತಿನಿಂದ ನಮ್ಮಿಬ್ಬರ ನಡುವೆ ಒಂದು ಮಾತು ಮಂತ್ರದ ಹಾಗೆ ನಿಂತುಬಿಟ್ಟಿತ್ತು.

“ಗಿರಿಜಾ, ಏನೂ ಆಗಂಗಿಲ್ಲಲ್ಲ?”

“ಏನೂ ಆಗಂಗಿಲ್ರಿ. ನಾ ಅದೇನಿ.”

ಈ ಮಾತು ಕೇಳಿದಾಗ ಅವರ ಮುಖ ಅರಳುವ ಬದಲು ಸಣ್ಣಗಾಗುತ್ತಿತ್ತು. ಹೆಂಡತಿಯಿಂದ ಧೈರ್ಯ ಹೇಳಿಸಿಕೊಂಡೆನಲ್ಲ ಅನ್ನುವ ನಾಚಿಕೆ ಇರಬೇಕು ಅಂದುಕೊಂಡಿದ್ದೆ.

ಅವರಿಗೆ ನೀಲಕ್ಕ ಅಂತ ಒಬ್ಬ ಅಕ್ಕ ಇದ್ದಳು. ತಾಯಿ ಇಲ್ಲದ ತಮ್ಮನನ್ನು ಎತ್ತಿ ಆಡಿಸಿ ಬೆಳೆಸಿದವಳು. ಕಮತಗಿಯಿಂದ ಒಳಗೆ, ಮಲಪ್ರಭೆಯ ಕಡೆಗಿರುವ ಒಂದು ಹಳ್ಳಿಗೆ ಕೊಟ್ಟಿದ್ದರು. ಊರ ಹೆಸರು ಬೇಡ, ಅಲ್ಲಿ ಇವತ್ತಿಗೂ ನಮ್ಮ ಬೀಗರಿದ್ದಾರೆ. ನನ್ನ ಮದುವೆಗೆ ಎರಡು ವರ್ಷ ಮೊದಲೇ ನೀಲಕ್ಕ ತೀರಿಹೋಗಿದ್ದಳು. ಪಂಚಮಿಗೆ ತವರಿಗೆ ಕರೆದುಕೊಂಡು ಬರಲು ನಮ್ಮವರೇ ಹೋಗಿದ್ದಾಗ, ಅವರು ಬೇಡವೆಂದರೂ ಕೇಳದೆ ತುಂಬಿದ ಹಳ್ಳಕ್ಕೆ ಇಳಿದಳಂತೆ. ಭಾಳ ಹಟಮಾರಿ ಅಂತೆ. ನನಗೆ ಗೊತ್ತಿದ್ದದ್ದು ಅಷ್ಟು. ಅಕ್ಕನನ್ನು ಕಳೆದುಕೊಂಡ ನೀರು ಕಂಡರೆ ಅಂಜುವುದು ಸಹಜ ಅಂತ ಗಂಡನ ಮೇಲೆ ಇನ್ನಷ್ಟು ಕರುಣೆ ಪಟ್ಟಿದ್ದೆ. ಆ ಕರುಣೆ ನೆನೆಸಿಕೊಂಡರೆ ಈಗ ಮೈ ಉರಿಯುತ್ತದೆ.

ನೀಲಕ್ಕನ ಮಗಳು ದಾನವ್ವ ಆಗ ಹತ್ತು ವರ್ಷದವಳು, ಈಗ ಇಪ್ಪತ್ತು. ಅಪ್ಪ ಗೋವಾದಲ್ಲಿ ದುಡಿಯುತ್ತಾನೆ, ಇವಳು ಅಜ್ಜಿಯ ಜೊತೆ ಇರುತ್ತಾಳೆ. ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತೇವೆ. ಹೋದ ವರ್ಷ ಶ್ರಾವಣ ಹತ್ತಿರ ಬಂದಾಗ ದಾನವ್ವ ಫೋನ್ ಮಾಡಿದಳು.

“ಅತ್ತಿ, ಬರೋ ವರ್ಷ ನನ್ನ ಮದುವಿ ಮಾಡ್ತಾರ. ಇದೊಂದು ಪಂಚಮಿಗರೆ ಮಾಮಾ ನನ್ನ ಕರಿಯಾಕ ಬರಲಿ. ಅವ್ವನ ತವರ ಮನಿ ನಾನೂ ನೋಡಬೇಕಲ್ಲ?”

ನಮ್ಮವರು ಎದುರಿಗೇ ಕೂತು ‘ಬ್ಯಾಡ’ ಅಂತ ಕೈ ಆಡಿಸುತ್ತಿದ್ದರು. ನಾನು ಸುಮ್ಮನಿರುವವಳೇ?

“ಬರೋದೇನವ್ವ, ನಾನಽ ಕರಕೊಂಡ ಬರ್ತೇನಿ ನಿಮ್ಮ ಮಾಮಾನ್ನ. ಹುಡುಗಿ ಬಾಯಿಬಿಟ್ಟು ಕೇಳ್ಯಾಳ, ಅಲ್ಲ ಅನಬಾರ್ದು” ಅಂದುಬಿಟ್ಟೆ.

ಹೊರಡುವ ದಿನ ಅವರು ಮಾಡಿದ ಆಟ ಒಂದೆರಡಲ್ಲ. ಊಟ ಮುಗಿಸಿ ಹೊರಡಬೇಕಾದವರು ದಾನವ್ವನಿಗೆಂದು ನಾನೇ ಕುಚ್ಚು ಕಟ್ಟಿದ್ದ ಕೆಂಪು ಸೆರಗಿನ ಸೀರೆಯನ್ನು ಮೂರು ಸಲ ಬಿಚ್ಚಿ ಮಡಚಿದರು. ಹುನಗುಂದದಲ್ಲಿ ಚಹಾ ಬೇಕು ಅಂದರು. ಅಮೀನಗಡದಲ್ಲಿ ಕರದಂಟು ಕೊಳ್ಳಲು ಒಂದು ತಾಸು. ಕಮತಗಿ ಮುಟ್ಟುವ ಹೊತ್ತಿಗೆ ದೀಪ ಹಚ್ಚಿದ್ದರು, ಮುಗಿಲು ಕಪ್ಪಗಾಗಿತ್ತು.

“ಗಿರಿಜಾ, ಮಳಿ ಬರೂಹಂಗ ಐತಿ. ಇಲ್ಲೇ ಯಾರರೆ ಮನ್ಯಾಗ ಇದ್ದು ಮುಂಜಾನಿ ಹೋಗೂಣು.”

“ಇನ್ನೂ ಏಳು ಹೊಡದಿಲ್ರಿ. ಡಾಂಬರ ರಸ್ತಾ ಐತಿ, ಹಳ್ಳಕ್ಕ ಹೊಸಾ ಸೇತುವಿ ಕಟ್ಯಾರ, ದಾನವ್ವನಽ ಹೇಳ್ಯಾಳ. ಹುಲಿ ಐತೇನು, ಕಳ್ಳರದಾರೇನು? ಸುಮ್ನ ಹತ್ತರಿ.”

ಅವರು ಹತ್ತಲಿಲ್ಲ. ಚೀಲ ಅಪ್ಪಿಕೊಂಡು ನಿಂತೇ ಇದ್ದರು. ನನಗೆ ನಗುವೂ ಬಂತು, ಅಯ್ಯೋ ಅನ್ನಿಸಿತು ಕೂಡ.

ನಮ್ಮ ಕಡೆ ಲಟಿಗಿ ಮುರಿಯುವುದು ಅಂತ ಇದೆ. ಮಗು ಮುದ್ದಾಗಿ ಕಂಡರೆ, ಬೇಕಾದವರು ದೂರದ ದಾರಿ ಹೊರಟರೆ, ಹೆಂಗಸರು ಅವರ ಮುಖವನ್ನು ಎರಡೂ ಕೈಯಿಂದ ಸವರಿ, ಆ ಕೈಗಳನ್ನು ತಮ್ಮ ಕಣತಲೆಗೆ ಒತ್ತಿ ಬೆರಳು ಲಟಲಟ ಮುರಿಯುತ್ತಾರೆ. ‘ನಿನ್ನ ಪೀಡಾ ನನಗಿರಲಿ’ ಅನ್ನುತ್ತಾರೆ. ಬಾಯಿಮಾತಿನ ಪ್ರೀತಿ ಅದು. ಯಾರೂ ಖರೆ ಅಂತ ತಿಳಿದು ಹೇಳುವುದಿಲ್ಲ. ಕೇಳಿಸಿಕೊಂಡವರು ಯಾರಾದರೂ ಖರೆ ಅಂತ ತಿಳಿದರೆ ಏನು ಗತಿ ಅಂತ ನಾನು ಯಾವತ್ತೂ ಯೋಚಿಸಿರಲಿಲ್ಲ.

ಮನೆಯಲ್ಲಿ ನಾನು ಲಟಿಗಿ ಮುರಿಯಹೋದರೆ ನಮ್ಮವರು ಎದ್ದು ಹೋಗುತ್ತಿದ್ದರು, ಆ ಸದ್ದು ಅವರಿಗೆ ಆಗುತ್ತಿರಲಿಲ್ಲ. ಆದರೂ ಅವತ್ತು, ಒಳದಾರಿ ಹೊರಳುವ ಆ ತಿರುವಿನಲ್ಲಿ ಗಾಡಿ ನಿಲ್ಲಿಸಿಕೊಂಡು, ಅವರ ಮುಖ ಸವರಿ ನನ್ನ ಕಣತಲೆಗೆ ಬೆರಳೊತ್ತಿದೆ. ಲಟ ಲಟ ಲಟ... ಹತ್ತೂ ಬೆರಳು.

“ನಿಮ್ಮ ಪೀಡಾ ನನಗಿರಲಿ. ಏನ ಬಂದ್ರೂ ನನಗ ಬರಲಿ. ಸಾಕಲ್ಲ? ಹತ್ತರಿ ಇನ್ನ.”

ಅವರ ಮುಖ ವಿಭೂತಿಯ ಹಾಗೆ ಬಿಳುಚಿತು. “ಹಂಗ ಅನಬ್ಯಾಡ... ಈ ದಾರ್ಯಾಗ ಅನಬ್ಯಾಡ ಗಿರಿಜಾ” ಅಂದರು. ನಾನು ಕೇಳಲಿಲ್ಲ, ಸ್ಕೂಟಿ ಶುರು ಮಾಡಿದೆ.

ಮೊದಲ ಸ್ವಲ್ಪ ದೂರ ಏನೂ ಇಲ್ಲ. ಎರಡೂ ಕಡೆ ಎರೆ ಹೊಲ, ಎದೆಯೆತ್ತರ ಸಜ್ಜೆ. ಹಸಿ ಮಣ್ಣಿನ ವಾಸನೆ. ಕಪ್ಪೆಗಳ ಗದ್ದಲ. ತದಿಗೆಯ ಚಂದ್ರ ಮೋಡದ ಹಿಂದೆ ಇದ್ದೂ ಇಲ್ಲದಂತಿದ್ದ. ನಾನು ಅವರಿಗೆ ಧೈರ್ಯ ಬರಲಿ ಅಂತ ಏನೇನೋ ಹರಟುತ್ತಿದ್ದೆ.

ಆಗ ಹಿಂದಿನಿಂದ ಕೇಳಿತು.

ಲಟ್.

ಸ್ವಲ್ಪ ಹೊತ್ತಿಗೆ ಇನ್ನೊಂದು... ಲಟ್.

ಅಂಜಿಕೆಗೆ ಬೆರಳು ಮುರಿದುಕೊಳ್ಳುತ್ತಿದ್ದಾರೆ ಅಂದುಕೊಂಡೆ. “ರೀ, ಸಂಜಿ ಹೊತ್ತಿನ್ಯಾಗ ಬೆರಳ ಮುರಿಬ್ಯಾಡ್ರಿ” ಅಂದೆ.

ಹಿಂದಿನಿಂದ ಒಣಗಿದ ದನಿ ಬಂತು. “ನೀ... ನೀ ಮುರಿಯಾಕತ್ತಿಲ್ಲೇನು?”

“ನಾ ಹೆಂಗ ಮುರೀಲ್ರಿ? ಎರಡೂ ಕೈ ಹ್ಯಾಂಡಲ್ ಮ್ಯಾಲ ಅದಾವ!”

ಕನ್ನಡಿಯಲ್ಲಿ ನೋಡಿದೆ. ಅವರ ಎರಡೂ ಕೈ ಸೀರೆಯ ಚೀಲವನ್ನು ಅಪ್ಪಿ ಹಿಡಿದಿದ್ದವು. ಬೆರಳಿಗೆ ಬೆರಳು ಹೆಣೆದುಕೊಂಡಿತ್ತು. ಹಾಗೆ ಹಿಡಿದವರು ಲಟಿಗಿ ಮುರಿಯಲು ಆಗುವುದಿಲ್ಲ.

ಲಟ್... ಲಟ್...

ಈ ಸಲ ನಮ್ಮಿಬ್ಬರ ನಡುವೆ, ನನ್ನ ಬೆನ್ನಿಗೆ ಆತು ಕೇಳಿತು. ಸ್ಕೂಟಿ ಮೂರು ಮಂದಿ ಕೂತ ಹಾಗೆ ಎಳೆಯತೊಡಗಿತು. ನನ್ನ ಬೆನ್ನಿನ ರವಿಕೆ ಒದ್ದೆಯಾಗುತ್ತ ಬಂತು... ಮಳೆ ಇನ್ನೂ ಬಂದಿರಲಿಲ್ಲ. ಕೊಳೆತ ಜಾಲಿ ಎಲೆಯ, ಹಳ್ಳದ ರಾಡಿಯ ವಾಸನೆ ಮೂಗಿಗೆ ಅಡರಿತು.

ಸೇತುವೆ ಮುಟ್ಟುತ್ತಿದ್ದಂತೆ ನಮ್ಮವರು ಚೀರಿದರು. ಬ್ರೇಕ್ ಹಾಕಿದೆ. ಅವರು ಇಳಿದವರೇ ಕಟ್ಟೆ ಹಿಡಿದು ಕೆಳಗೆ ಕೂತುಬಿಟ್ಟರು.

ಸೇತುವೆ ಎತ್ತರವಾಗಿತ್ತು, ಗಟ್ಟಿಯಾಗಿತ್ತು. ಕೆಳಗೆ ನೀರು ಅಷ್ಟೇನೂ ಇರಲಿಲ್ಲ. ಮೊಬೈಲ್ ಬೆಳಕು ಬಿಟ್ಟು ಅವರ ಎದುರು ನಿಂತೆ.

“ಏನ್ರಿ ಇದು? ಖರೆ ಹೇಳ್ರಿ. ನಿಮಗ ಗೊತ್ತೈತಿ ಇದು ಏನಂತ.”

“ಅಕ್ಕ...” ಅಂದರು. ಆಮೇಲೆ ನಿಧಾನಕ್ಕೆ, ನೆಲ ನೋಡುತ್ತ ಹೇಳಿದರು. “ಅಕ್ಕ ಹಟ ಮಾಡಿರಲಿಲ್ಲ ಗಿರಿಜಾ. ಹಟ ಮಾಡಿದಾವ ನಾನು. ‘ತಮ್ಮಾ, ನೀರ ಭಾಳ ಐತಿ, ನನಗ ಅಂಜಿಕಿ ಬರತೈತಿ, ನಾಳಿ ಹೋಗೂಣು’ ಅಂದ್ಳು. ‘ಏನೂ ಆಗಂಗಿಲ್ಲಕ್ಕಾ, ನಾ ಅದೇನಿ’ ಅಂತ ಬೈಕ್ ನೀರಿಗೆ ಇಳಿಸಿದ್ನಿ.”

ಅದು ನನ್ನ ಮಾತಾಗಿತ್ತು... ಅಲ್ಲ, ಮೊದಲಿನಿಂದಲೂ ಅವರದ್ದೇ ಆಗಿತ್ತು.

“ಹೊಂಟಾಗ ನೀ ಮಾಡಿದಂಗಽ ಆಕಿನೂ ಲಟಿಗಿ ಮುರಿದಿದ್ಳು. ‘ನಿನ್ನ ಪೀಡಾ ನನಗಿರಲಿ ತಮ್ಮಾ’ ಅಂದಿದ್ಳು. ನಡು ಹಳ್ಳದಾಗ ಬೈಕ್ ಹೋತು. ನಾ ಒಂದ ಜಾಲಿ ಗಿಡ ಅಪ್ಪಿದ್ನಿ. ಅಕ್ಕ ನನ್ನ ಬೆಲ್ಟ್ ಹಿಡಿದಿದ್ಳು. ಎರಡೂ ಕೈಲೆ ಹಿಡಿದಿದ್ಳು. ಗಿಡ ಬೇರ ಕೀಳಾಕತ್ತಿತ್ತು... ಇಬ್ಬರ ಭಾರ ತಡಿಯಂಗಿಲ್ಲ ಅನಸ್ತು...”

“ಮುಂದ?”

“ಬಿಡಿಸಿದ್ನಿ.”

“ಏನ ಬಿಡಿಸಿದ್ರಿ?”

“ಬೆರಳ. ಒಂದೊಂದಽ ಬೆರಳ... ಹಿಂದಕ್ಕ ಮಡಚಿ ಬಿಡಿಸಿದ್ನಿ. ಲಟ್ ಅಂತಿದ್ವು. ಅಷ್ಟ ನೀರಿನ ಸಪ್ಪಳದಾಗೂ ಕೇಳತಿತ್ತು.”

ಆಮೇಲೆ ಊರಿಗೆ ಓಡಿ ಹೋಗಿ, ಅಕ್ಕ ಹಟ ಮಾಡಿ ತಾನೇ ನೀರಿಗೆ ಇಳಿದಳು ಅಂತ ಹೇಳಿದರಂತೆ. ಊರು ನಂಬಿತಂತೆ.

ದೆವ್ವದ ಅಂಜಿಕೆ ಆ ಕ್ಷಣಕ್ಕೆ ನನ್ನಿಂದ ಎಲ್ಲಿ ಹೋಯಿತೋ ಗೊತ್ತಿಲ್ಲ. ಸಿಟ್ಟು ನೆತ್ತಿಗೇರಿತು. ಜೀವದ ಆಸೆಗೆ ಕೈ ಬಿಟ್ಟರು, ಇರಲಿ, ಆ ನೀರಿನಲ್ಲಿ ನಾನಿದ್ದರೆ ಏನು ಮಾಡುತ್ತಿದ್ದೆನೋ ಯಾರಿಗೆ ಗೊತ್ತು? ಆದರೆ ಸತ್ತವಳ ಮೇಲೆ ತಪ್ಪು ಹೊರಿಸಿ, ಅವಳ ಮಗಳ ಬಾಯಿಂದಲೇ ‘ನಮ್ಮವ್ವ ಹಟಮಾರಿ’ ಅನ್ನಿಸಿ ಒಂಬತ್ತು ವರ್ಷ ಉಂಡು ಮಲಗಿದರಲ್ಲ! ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನಾನು ಆ ಹೆಗಲಿಗೆ ದಿನಾ ಎಣ್ಣೆ ಹಚ್ಚಿ ತಿಕ್ಕಿದ್ದೆ.

“ಇವತ್ತ ದಾನವ್ವನ ಮುಂದ ಹೇಳ್ತೀರಿ. ಹೇಳಿದ್ರಽ ನಾ ನಿಮ್ಮ ಹೇಣ್ತಿ.”

“ಹೇಳ್ತೇನಿ ಮಾರಾಯ್ತಿ, ಹೇಳ್ತೇನಿ. ಮೊದಲ ಇಲ್ಲಿಂದ ನಡಿ.”

ಸೇತುವೆಯಿಂದ ಊರ ತನಕ ಯಾವ ಸದ್ದೂ ಇರಲಿಲ್ಲ. ಆದರೆ ಸ್ಕೂಟಿ ಹಗುರಾಗಲಿಲ್ಲ. ನಮ್ಮ ಮಾತು ಕೇಳಿಸಿಕೊಂಡು, ನೋಡೋಣ ಅಂತ ಸುಮ್ಮನೆ ಕೂತಿದ್ದಳು ಅಂತ ನನಗೆ ಈಗಲೂ ಅನ್ನಿಸುತ್ತದೆ.

ಮನೆ ಊರ ತುದಿಗಿತ್ತು. ಪಡಸಾಲೆಯಲ್ಲಿ ಆಯಿ ಕೂತಿದ್ದಳು, ಒಣಗಿದ ಮುದುಕಿ, ಆದರೆ ಕಣ್ಣು ಸೂಜಿ. ನಮ್ಮವರು ಕಾಲು ಮುಟ್ಟಿದರೆ “ಬಂದೆಲ್ಲ ಸಂಗಪ್ಪ” ಅಂದಳು, ಅಷ್ಟೇ. ದಾನವ್ವ ಒಳಗೆ ಬೆಲ್ಲದ ಪಾಕದಲ್ಲಿ ಕೈಯಾಡಿಸಿ ಶೇಂಗಾ ಉಂಡಿ ಕಟ್ಟುತ್ತಿದ್ದಳು. ಮೊಣಕೈವರೆಗೆ ಅಂಟು ಬೆಲ್ಲ. ಅಲ್ಲಿಂದಲೇ ನಕ್ಕು, “ಮಾಮಾ, ಕಡಿಗೂ ಬಂದ್ರೆಲ್ಲ! ಕೈ ಅಂಟ ಆಗ್ಯಾವ, ಇದೊಂದ ಪಾಕ ಮುಗಿಸಿ ಬರ್ತೇನಿ” ಅಂದಳು.

ನೀಲಕ್ಕನ ಫೋಟೋ ಗೋಡೆಯ ಮೇಲಿತ್ತು. ತಲೆಯ ಮೇಲೆ ಸೆರಗು, ಮಡಿಲಲ್ಲಿ ಜೋಡಿಸಿಟ್ಟ ಕೈ. ನಮ್ಮವರು ಅದಕ್ಕೆ ಬೆನ್ನು ಮಾಡಿ ಕೂತರು. ನಾನು ಎರಡು ಸಲ ಕಣ್ಸನ್ನೆ ಮಾಡಿದೆ, ಹೇಳ್ರಿ ಅಂತ. ರೊಟ್ಟಿ ಉಂಡರು. ಮಜ್ಜಿಗೆ ಕುಡಿದರು. ಮಳೆ ಹೆಂಗ ಆಗೇತಿ ಅಂತ ಕೇಳಿದರು.

ಒಳಗಿನಿಂದ ದಾನವ್ವ ಅಂದಳು. “ಸೇತುವಿ ಅವಾಗ ಇದ್ದಿದ್ರ ಅವ್ವ ಉಳೀತಿದ್ಳು ಹೌದಲ್ಲ ಮಾಮಾ? ಅಥವಾ ನಿಮ್ಮ ಮಾತರೆ ಕೇಳಬೇಕಿತ್ತು. ಎಲ್ಲಾರೂ ನನಗೂ ಹಂಗಽ ಅಂತಾರ, ತಾಯಿಯಂಗ ಹಟಮಾರಿ ಅಂತ.”

ನಾನು ಅವರ ಮುಖ ನೋಡಿದೆ. ಈಗ ಹೇಳುತ್ತಾರೆ, ಈಗ...

“ಹೂಂ ಬೇ” ಅಂದರು ನನ್ನ ಗಂಡ. “ಭಾಳ ಹಟ ಇತ್ತು ಆಕೀದು.”

ಕರೆಂಟು ಹೋಯಿತು.

ಹಳ್ಳಿಯಲ್ಲಿ ಕರೆಂಟು ಹೋಗುವುದು ದೊಡ್ಡ ಮಾತಲ್ಲ. ಆದರೆ ಕತ್ತಲಾದ ಕೂಡಲೇ ಆ ವಾಸನೆ ಬಂತು... ಜಾಲಿ ಎಲೆ, ರಾಡಿ. ಒಳಗಿನ ಬಾಗಿಲಿನಿಂದ ಯಾರೋ ಬಂದರು. ಒದ್ದೆ ಕಾಲಿನ ಸಪ್ಪಳ, ಪಚ್... ಪಚ್... ಹುಡುಗಿ ಕೈ ತೊಳೆದು ಬಂದಳು ಅಂದುಕೊಂಡೆ. ಅವಳು ನಮ್ಮವರ ಎದುರು ನಿಂತಳು. ಹೊರಗೆ ಮಿಂಚಿತು. ಆ ಮಿಂಚಿನಲ್ಲಿ ತಲೆಯ ಮೇಲೆ ಸೆರಗು ಹೊದ್ದ ಬೆನ್ನು ಕಂಡಿತು. ಬಾಗಿದ್ದಳು. ಎರಡೂ ಕೈಯಿಂದ ಮೊದಲು ತನ್ನ ಮುಖ ತಾನೇ ಸವರಿಕೊಂಡಳು. ಆಮೇಲೆ ಆ ಕೈಗಳನ್ನು ನಮ್ಮವರ ಕಣತಲೆಗೆ ಒತ್ತಿದಳು.

ತಿರುವುಮುರುವು. ಲಟಿಗಿ ಹೀಗೆ ಯಾರೂ ಮುರಿಯುವುದಿಲ್ಲ.

ಲಟ್... ಲಟ್... ಲಟ್... ಅವಸರವಿಲ್ಲ. ಹತ್ತು.

“ನಿನ್ನ ಪೀಡಾ ನಿನಗಽ ಇರಲಿ, ತಮ್ಮಾ.”

ತಮ್ಮಾ ಅಂದಳು. ದಾನವ್ವನಿಗೆ ಅವರು ಮಾಮಾ. ಆ ಮನೆಯಲ್ಲಿ ಅವರನ್ನು ತಮ್ಮಾ ಅನ್ನುವವರು ಯಾರೂ ಉಳಿದಿರಲಿಲ್ಲ.

“ಅತ್ತಿ, ಅಲ್ಲೇ ಕೂಡ್ರಿ, ದೀಪ ತರ್ತೇನಿ!” ದಾನವ್ವನ ದನಿ ದೂರದ ಅಡುಗೆಮನೆಯಿಂದ ಬಂತು. ಬುಡ್ಡಿ ದೀಪ ಹಿಡಿದು ಬಂದಾಗ ಅವಳ ಮೊಣಕೈವರೆಗೆ ಇನ್ನೂ ಬೆಲ್ಲ ಅಂಟಿತ್ತು. ನಮ್ಮವರ ಕಣತಲೆಯ ಮೇಲೆ ಬೆಲ್ಲದ ಕಲೆ ಒಂದೂ ಇರಲಿಲ್ಲ. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ನೀರಿನಲ್ಲಿ ಸಣ್ಣ ಉಸುಕು. ನಾನು ಬೆರಳಿನಿಂದ ಮುಟ್ಟಿ ನೋಡಿದ್ದೇನೆ, ಮಂಜುಗಡ್ಡೆಯಷ್ಟು ತಣ್ಣಗಿತ್ತು.

ಆಗ ಬಂತು ನಮ್ಮವರ ಬಾಯಿಂದ ಮಾತು. ತಡೆದು ತಡೆದು ಅಲ್ಲ, ವಾಂತಿಯ ಹಾಗೆ ಒಮ್ಮೆಲೇ ಬಂತು. ಬೈಕು, ಜಾಲಿ ಗಿಡ, ಬೆಲ್ಟು, ಬೆರಳು, ಸುಳ್ಳು, ಎಲ್ಲ. ದಾನವ್ವನ ಕೈಯಲ್ಲಿ ದೀಪ ಅಲುಗಾಡಲಿಲ್ಲ.

ಮೊದಲು ಮಾತಾಡಿದ್ದು ಆಯಿ. “ಸೊಸಿ ಹೆಣ ತೊಳದಾಕಿ ನಾನು, ಸಂಗಪ್ಪ. ಬೆರಳ ಹಿಂದಕ್ಕ ಮಡಚಿದ್ವು. ನೀರು ಒಂದೊಂದಽ ಬೆರಳ ಎಣಿಸಿ ಮುರಿಯಂಗಿಲ್ಲ. ಆದ್ರ ಯಾರ ಮುಂದ ಹೇಳ್ಲಿ? ಸಾಕ್ಷಿ ಎಲ್ಲಿತ್ತು? ಅದಕ್ಕಽ ಹುಡುಗಿ ಕಡಿಂದ ಫೋನ್ ಮಾಡ್ಸಿದ್ನಿ. ಆಕಿ ದಾರಿ ಮ್ಯಾಲ ಅದಾಳ, ನೀ ದಾರಿಗೆ ಬಂದ್ರ ಸಾಕು ಅಂತ ಗೊತ್ತಿತ್ತು ನನಗ.” ಮುಂದಿದ್ದ ನೀರಿನ ಚರಿಗೆಯನ್ನು ಅವರತ್ತ ತಳ್ಳಿದಳು. “ಉಪ್ಪ ತಿಂದಾವ ನೀರ ಕುಡೀಬೇಕು. ಕುಡಿ.”

ಅವರು ಕುಡಿಯಲಿಲ್ಲ. ದಾನವ್ವನ ಕಾಲು ಹಿಡಿಯಹೋದರು. ಅವಳು ಹಿಂದೆ ಸರಿದಳು.

“ನನ್ನ ಬಾಯಿಲೆ ನಮ್ಮವ್ವನ್ನ ಬೈಸಿದ್ರಿ ಮಾಮಾ. ದೀಪ ಹಚ್ಚುವಾಗೆಲ್ಲ ‘ಯಾಕ ಹಟ ಮಾಡಿದ್ಯವ್ವಾ’ ಅಂತ ಆಕೀ ಮ್ಯಾಲಽ ಸಿಟ್ಟ ಮಾಡ್ಕೊಂತಿದ್ನಿ.” ಅಳಲಿಲ್ಲ ಹುಡುಗಿ. ಸೀರೆಯ ಚೀಲ ಎತ್ತಿ ನನ್ನ ಕೈಗೆ ಕೊಟ್ಟಳು. “ಅತ್ತಿ, ನಿಮ್ಮ ಮ್ಯಾಲ ನನಗೇನೂ ಇಲ್ಲ. ಆದ್ರ ಇವತ್ತ ಈ ಮನ್ಯಾಗ ಇವರು ಮಲಗೋದು ಬ್ಯಾಡ. ಹಳ್ಳ ದಾಟಿ ಹೋಗಲಿ.”

ಹೊಸ್ತಿಲು ದಾಟುವಾಗ ಯಾರೂ ‘ಹೋಗಿ ಬರ್ರಿ’ ಅನ್ನಲಿಲ್ಲ.

ಇನ್ನೂ ಒಂಬತ್ತೂ ಆಗಿರಲಿಲ್ಲ. ಮಳೆ ಹನಿಯುತ್ತಿತ್ತು. ನಮ್ಮವರು ನನ್ನ ಸೊಂಟ ಬಿಗಿಯಾಗಿ ಹಿಡಿದಿದ್ದರು, ಒಂದೇ ಮಾತು ಗೊಣಗುತ್ತಿದ್ದರು. “ಏನೂ ಆಗಂಗಿಲ್ಲಲ್ಲ ಗಿರಿಜಾ... ಏನೂ ಆಗಂಗಿಲ್ಲಲ್ಲ...” ನಾನು ಗಾಡಿ ಜೋರು ಮಾಡಿದೆ.

ಸೇತುವೆಯ ನಡುವೆ ಸ್ಕೂಟಿ ನಿಂತಿತು. ನಾನು ನಿಲ್ಲಿಸಲಿಲ್ಲ, ತಾನೇ ನಿಂತಿತು. ಕೆಳಗೆ ನೀರು ಏರಿತ್ತು, ಹೋಗುವಾಗ ಇಲ್ಲದ ಸಪ್ಪಳ ಈಗಿತ್ತು. ಎರಡು ತಣ್ಣಗಿನ ಕೈ ಹಿಂದಿನಿಂದ ಬಂದು ನನ್ನ ಎರಡೂ ಮುಂಗೈ ಹಿಡಿದವು. ನಮ್ಮವರದ್ದಲ್ಲ. ಅವರ ಕೈ ನನ್ನ ಸೊಂಟದ ಮೇಲಿತ್ತು.

ನನ್ನ ಕಿರುಬೆರಳು ಹಿಂದಕ್ಕೆ ಬಾಗತೊಡಗಿತು...

ನನಗೆ ಅರ್ಥವಾಯಿತು. ಕಮತಗಿಯ ತಿರುವಿನಲ್ಲಿ ನಾನೇ ಕೇಳಿಕೊಂಡಿದ್ದೆನಲ್ಲ, ಏನು ಬಂದರೂ ನನಗೆ ಬರಲಿ ಅಂತ. ಅವಳು ಕೊಡಲು ಬಂದಿದ್ದಳು. ಒಬ್ಬ ಹೆಂಗಸು ಅವರ ಪೀಡೆ ಹೊತ್ತು ಹಳ್ಳದ ಪಾಲಾಗಿದ್ದಳು, ಈಗ ಎರಡನೆಯವಳು ನಾನು. ಅಂಜಿಕೆಯಲ್ಲೂ ಸಿಟ್ಟು ಬಂತು. ಯಾಕೆ? ನಾನು ಯಾಕೆ?

“ನೀಲಕ್ಕಾ!” ಅಂತ ಕೂಗಿದೆ. “ಗೊತ್ತಿಲ್ಲದ ಆಡಿದ್ನೆವ್ವಾ. ಕೊಟ್ಟ ಮಾತ ನಾ ತಿರುಗಿ ತಗೊಂಡೇನಿ. ಇವರದು ಇವರಿಗಽ ಇರಲಿ. ನಾ ನಡುವ ಬರಂಗಿಲ್ಲ.”

ಹಿಂದೆ ನನ್ನ ಗಂಡ “ಗಿರಿಜಾ...” ಅಂದರು. ಅಷ್ಟು ಸಣ್ಣ ದನಿಯನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ.

ಕೈ ಬಿಟ್ಟವು. ನನ್ನ ಬೆನ್ನಿಗೆ ಆತಿದ್ದ ಒದ್ದೆ ಭಾರ ಮೆಲ್ಲಗೆ ಎದ್ದು ಹಿಂದಕ್ಕೆ ಹೋಯಿತು, ಅವರ ಬೆನ್ನ ಹಿಂದಕ್ಕೆ. ದಾನವ್ವನ ಸೀರೆಯನ್ನು ಸೇತುವೆಯ ಕಟ್ಟೆಯ ಮೇಲಿಟ್ಟು ಕೈ ಮುಗಿದೆ. ಸ್ಕೂಟಿ ಒಂದೇ ಸಲಕ್ಕೆ ಶುರುವಾಯಿತು. ಕಮತಗಿಯ ದೀಪ ಕಾಣುವ ತನಕ, ಅಲ್ಲಿಂದ ಇಳಕಲ್ಲಿನ ನಮ್ಮ ಬಾಗಿಲ ತನಕ, ನಾನು ಕನ್ನಡಿ ನೋಡಲಿಲ್ಲ.

ಇದಾಗಿ ವರ್ಷ ಆಗುತ್ತ ಬಂತು. ಅವರು ಬದುಕಿದ್ದಾರೆ. ಹೈಸ್ಕೂಲಿಗೆ ಹೋಗುತ್ತಾರೆ, ಬರುತ್ತಾರೆ. ಒಳದಾರಿಯ ಮಾತಿರಲಿ, ಪಡಸಾಲೆಯಿಂದ ಬಚ್ಚಲಿಗೆ ಹೋಗಲೂ ಅಂಜುತ್ತಾರೆ. ನಾನು ಅಡುಗೆ ಮಾಡಿ ಹಾಕುತ್ತೇನೆ. ಅವರ ಮುಖ ಮಾತ್ರ ಮುಟ್ಟುವುದಿಲ್ಲ.

ಗಂಡನನ್ನು ನಡುದಾರಿಯಲ್ಲಿ ಒಪ್ಪಿಸಿ ಬಂದೆನಲ್ಲ ಅಂತ ಒಮ್ಮೊಮ್ಮೆ ಎದೆ ಕುಟುಕುತ್ತದೆ. ಮಾಡಿದ್ದುಣ್ಣೋ ಮಾರಾಯ ಅಂತ ಸಮಾಧಾನ ಮಾಡಿಕೊಳ್ಳುತ್ತೇನೆ. ಆದರೆ ಕಮತಗಿಯ ತಿರುವಿನಲ್ಲಿ ಮುರಿದ ನನ್ನ ಬೆರಳ ಸದ್ದು ಅವಳ ಹತ್ತಿರವೇ ಉಳಿದಿದೆ. ಮಾತು ತಿರುಗಿ ಕೊಟ್ಟವಳು ಅದನ್ನು ಯಾಕೆ ಕೊಡಲಿಲ್ಲ? ಈ ಒಂದು ಪ್ರಶ್ನೆಗೆ ನನಗೆ ನಿದ್ದೆ ಹತ್ತುವುದಿಲ್ಲ.

ದಿನಾ ದೀಪ ಆರಿಸಿದ ಮೇಲೆ ಅವರು ಕತ್ತಲಲ್ಲಿ ಕೇಳುತ್ತಾರೆ.

“ಗಿರಿಜಾ, ಏನೂ ಆಗಂಗಿಲ್ಲಲ್ಲ?”

ನಾನು ಬಾಯಿ ತೆರೆಯುವುದಿಲ್ಲ. ಬಚ್ಚಲ ಕಡೆಯಿಂದ ಲಟ್... ಲಟ್... ಅಂತ ಶುರುವಾಗುತ್ತದೆ. ಎಣಿಸುತ್ತೇನೆ. ಹತ್ತು ಆದ ಮೇಲೆ, ನಮ್ಮಿಬ್ಬರ ಹಾಸಿಗೆಯ ನಡುವಿನಿಂದ ಅವರಿಗೆ ಉತ್ತರ ಬರುತ್ತದೆ.

“ನಾ ಅದೇನಿ, ತಮ್ಮಾ.”